ಮಗನಿಗೆ ಸೈಕೋಸಿಸ್ ಶುರುವಾಗಿದೆ, ಸರ್ಕಾರಿ ಚಿಕಿತ್ಸೆ ಸಿಗುತ್ತಾ?

ಪ್ರಶ್ನೆ (ಡೊಂಬಿವಲಿಯ ತಾಯಿ): ನಮಸ್ಕಾರ ಡಾಕ್ಟ್ರೇ. ಮಗನಿಗೆ 19 ವರ್ಷ. ಕಾಲೇಜು ಬಿಟ್ಟು ಕೂತಿದ್ದಾನೆ. ಎದುರು ಬಿಲ್ಡಿಂಗಿನವರು ತನ್ನನ್ನೇ ಆಡಿಕೊಳ್ಳುತ್ತಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ಖಾಸಗಿ ಡಾಕ್ಟರು ಇದು ಸೈಕೋಸಿಸ್, ಅಂದರೆ ಇಲ್ಲದ್ದನ್ನು ನಿಜ ಅಂತ ನಂಬುವ ಮನೋರೋಗ ಅಂದರು. ಅವರ ಫೀಸು ನಮ್ಮ ಕೈಗೆ ಎಟುಕುತ್ತಿಲ್ಲ. ಮೊದಲು ಊರಲ್ಲಿ ದರ್ಶನ ಕೇಳಿಸಿ ಅಂತಾರೆ ಮಾವ. ಏನು ಮಾಡಲಿ?

ಉತ್ತರ (ಮನೋವೈದ್ಯ): ಅಕ್ಕಾ, ಚಿಕಿತ್ಸೆ ಸಿಗುತ್ತದೆ. ದರ್ಶನಕ್ಕೆ ಆಮೇಲೆ ಹೋಗಿ, ಮಾತ್ರೆ ಮಾತ್ರ ಮುಂದೂಡಬೇಡಿ. ತಡವಾದಷ್ಟೂ ಹುಡುಗ ಓದಿಗೆ ಮರಳುವುದು ಕಷ್ಟ.

ಸಯನ್, ಪರೇಲಿನ ಕೆ.ಇ.ಎಂ., ನಾಯರ್ ಮೂರೂ ಮುಂಬೈ ಪಾಲಿಕೆಯ ಆಸ್ಪತ್ರೆಗಳು, ಮೂರರಲ್ಲೂ ಮನೋರೋಗದ ಓಪಿಡಿ ಇದೆ. ನಿಮಗೆ ಇನ್ನೂ ಹತ್ತಿರ ಥಾಣೆಯ ಸರ್ಕಾರಿ ಮನೋರೋಗ ಆಸ್ಪತ್ರೆ. ಹೆಸರು ಕೇಳಿ ಹೆದರಬೇಡಿ, ಓಪಿಡಿಯಲ್ಲಿ ತೋರಿಸಿ ಅವತ್ತೇ ಮನೆಗೆ ಬರಬಹುದು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಹಳೆಯ ಚೀಟಿ ಜೊತೆಗಿರಲಿ. ಇದು ಯಾರ ದಯೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಬಡವರಿಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಅಂತ ಅದರಲ್ಲೇ ಬರೆದಿದೆ.

ಪ್ರಶ್ನೆ (ಪುಣೆಯ ಓದುಗರು): ಸರ್, ಕಾನೂನು ಇದೆ, ಸರಿ. ಆದರೆ ಓಪಿಡಿಯಲ್ಲಿ ಐದು ನಿಮಿಷ ಸಿಗುವುದೂ ಕಷ್ಟ ಅಲ್ವಾ?

ಉತ್ತರ: ನಿಜ. ನನಗೆ ನೋವಾಗುವುದೂ ಅಲ್ಲೇ. ಮಾತ್ರೆ ಬರೆದುಕೊಡಲು ಐದು ನಿಮಿಷ ಸಾಕು. ಆದರೆ ಹುಡುಗ ಎರಡು ಸಲ ಬರದಿದ್ದರೆ ಮನೆಗೆ ಫೋನ್ ಮಾಡುವವರು ಬೇಕು. ಕಾಲೇಜಿನವರ ಹತ್ತಿರ ಮಾತಾಡುವವರು ಬೇಕು. ತಾಯಿಯನ್ನು ಕೂರಿಸಿಕೊಂಡು ವಿವರಿಸುವವರು ಬೇಕು. ಇಂಗ್ಲೆಂಡಿನಲ್ಲಿ ಸರ್ಕಾರದ ದುಡ್ಡಿನಿಂದಲೇ ಇಂಥ ತಂಡಗಳಿವೆ. ಮೊದಲ ಸಲ ಸೈಕೋಸಿಸ್ ಕಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅಂತ 2016ರಲ್ಲಿ ಅಲ್ಲಿ ಗುರಿ ಇಟ್ಟರು. ನಮ್ಮಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಿಂದ ಇದೆ. ಅದರ ಹಣದಲ್ಲೇ ಪ್ರತಿ ಜಿಲ್ಲೆಗೂ ಇಂಥದೊಂದು ಪುಟ್ಟ ತಂಡ ಕಟ್ಟಲಿ. ಹೊಸ ಕಟ್ಟಡ ಬೇಡ, ಜನ ಬೇಕು. ನಿಮ್ಮ ಕಾರ್ಪೊರೇಟರ್, ಶಾಸಕರು ಓಟು ಕೇಳಲು ಬಂದಾಗ ಇದನ್ನು ಕೇಳಿ.

ಪ್ರಶ್ನೆ (ಡೊಂಬಿವಲಿಯ ತಾಯಿ): ಅವನು ಬರಲ್ಲ ಅಂತ ಹಟ ಹಿಡಿದರೆ?

ಉತ್ತರ: ಮೊದಲು ನೀವೊಬ್ಬರೇ ಹೋಗಿ ಡಾಕ್ಟರ ಹತ್ತಿರ ಮಾತಾಡಿ. 14416ಕ್ಕೂ ಫೋನ್ ಮಾಡಬಹುದು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ. ‘ನಿನಗೆ ಹುಚ್ಚು’ ಅಂತ ವಾದಕ್ಕೆ ಇಳಿಯಬೇಡಿ. ‘ನಿದ್ದೆ ಇಲ್ಲ ಅಲ್ವಾ, ಅದಕ್ಕೆ ತೋರಿಸೋಣ’ ಅಂದರೆ ಎಷ್ಟೋ ಮಕ್ಕಳು ಒಪ್ಪುತ್ತಾರೆ. ಸಾಯುವ ಮಾತು ಆಡಿದರೆ ಓಪಿಡಿಗೆ ಕಾಯಬೇಡಿ, ತಕ್ಷಣ ಕ್ಯಾಜುವಾಲ್ಟಿಗೆ ಕರೆದುಕೊಂಡು ಹೋಗಿ. ಮಾತ್ರೆ ಶುರುವಾದ ಮೇಲೆ ಹುಷಾರಾದ ಅಂತ ನೀವಾಗಿ ನಿಲ್ಲಿಸಬೇಡಿ. ಮುಂದಿನ ವಾರ ಹೇಗಿದ್ದಾನೆ ಅಂತ ಇಲ್ಲೇ ಬರೆಯಿರಿ ಅಕ್ಕಾ.