ಹೆಸರು ಬರುವ ಮೊದಲು ನಮ್ಮನ್ನು ಕೇಳಲಿ

(ನಮ್ಮ ಕನ್ನಡ ಮಾಧ್ಯಮ ಹೈಸ್ಕೂಲ್ ಬ್ಯಾಚಿನ ಗುಂಪಿನಲ್ಲಿ ನಡೆದ ಮಾತು. ಹೆಸರಿನ ಬದಲು ಊರು ಹಾಕಿದ್ದೇನೆ.)

ಪೆರ್ಲ (ಫಾರ್ವರ್ಡ್ ಆದ ಪೋಸ್ಟರ್): "ಮುಂದಿನ ಲೋಕಸಭೆಗೆ ಕಾಸರಗೋಡಿನ ಟಿಕೆಟ್ ಕನ್ನಡ ಬಲ್ಲ ಊರಿನವರಿಗೇ ಸಿಗಲಿ. ಎಲ್ಲ ಪಕ್ಷದವರೂ ಗಮನಿಸಿ. ಗಡಿನಾಡ ಕನ್ನಡಿಗರಾದರೆ ಹತ್ತು ಜನರಿಗೆ ಕಳಿಸಿ."

ಕುಂಬಳೆ: ಯಾರು ಬರೆದದ್ದು ಇದು? ಕೆಳಗೆ ಹೆಸರೇ ಇಲ್ಲ.

ಪೆರ್ಲ: ಹೆಸರು ಯಾಕೆ ಮಾರಾಯ? ಹೇಳಿದ್ದು ಸರಿ ಇದೆ ಅಲ್ವಾ?

ಹೊಸದುರ್ಗ: ಸರಿ ಇಲ್ಲ. ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ. ಮಂಜೇಶ್ವರ, ಕಾಸರಗೋಡು ಬಿಟ್ಟರೆ ಉಳಿದದ್ದು ಉದುಮ, ಕಾಞಂಗಾಡು, ತೃಕ್ಕರಿಪುರ, ಪಯ್ಯನ್ನೂರು, ಕಲ್ಯಾಶೇರಿ. ಕೊನೆಯ ಎರಡಂತೂ ಕಣ್ಣೂರು ಜಿಲ್ಲೆ. ಅಲ್ಲಿಯವರಿಗೆ ಕನ್ನಡ ಬಲ್ಲವರು ಯಾಕೆ ಬೇಕು? ಯಾವ ಪಕ್ಷವಾದರೂ ಗೆಲ್ಲುವ ಲೆಕ್ಕ ನೋಡಿಯೇ ಟಿಕೆಟ್ ಕೊಡುವುದು.

ಪೆರ್ಲ: ಹಾಗಾದರೆ ಸಿಪಿಎಂನ ರಾಮಣ್ಣ ರೈ ಗೆದ್ದದ್ದು ಹೇಗೆ? 1980, 1989, 1991. ನಡುವೆ 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ. ಇಬ್ಬರೂ ನಮ್ಮ ಕಡೆಯವರೇ.

ಹೊಸದುರ್ಗ: ಅದು ಪಕ್ಷದ ವೋಟು. ಪಯ್ಯನ್ನೂರಿನವರು ನೋಡಿದ್ದು ಸುತ್ತಿಗೆ ಕುಡುಗೋಲನ್ನು. ರೈಗಳ ಭಾಷೆಯನ್ನಲ್ಲ. 1984ರದ್ದು ಇಂದಿರಾ ಗಾಂಧಿ ಹತ್ಯೆಯ ನಂತರದ ಅಲೆ. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ನಮ್ಮ ಎಕೆಜಿಯವರು, 1957ರಿಂದ ಮೂರು ಸಲ ಇಲ್ಲಿಂದ ಗೆದ್ದರಲ್ಲ, ಅವರೇನು ಕಾಸರಗೋಡಿನವರಾ?

ನಾನು: ಪಕ್ಷದ ವೋಟು ಅಂತ ನೀನೇ ಹೇಳಿದೆ. ಒಪ್ಪಿದೆ. ವೋಟು ಪಕ್ಷದ್ದಾದರೆ ಯಾರನ್ನು ನಿಲ್ಲಿಸಿದರೂ ಬೀಳುತ್ತದೆ ತಾನೇ? ಹಾಗಿದ್ದಲ್ಲಿ ಕನ್ನಡದವರನ್ನು ನಿಲ್ಲಿಸಿದರೆ ಸೋಲುತ್ತೇವೆ ಅನ್ನುವ ನೆಪಕ್ಕೆ ಜಾಗವೇ ಇಲ್ಲ. 1980ರಲ್ಲಿ ಆದದ್ದು 1996ರ ನಂತರ ಯಾಕೆ ಆಗಲಿಲ್ಲ? ಅದೇ ಸಿಪಿಎಂನಿಂದ ಮೂರು ಸಲ ಟಿ. ಗೋವಿಂದನ್, ಆಮೇಲೆ ಮೂರು ಸಲ ಪಿ. ಕರುಣಾಕರನ್. ಅವರ ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ಹೆಸರು ತೀರ್ಮಾನ ಆಗುವಾಗ ಚಂದ್ರಗಿರಿ ಹೊಳೆಯ ಈಚೆ, ಕನ್ನಡದ ಕಡೆ ಇರುವ ಕಾರ್ಯಕರ್ತರ ಮಾತಿಗೆ ಎಷ್ಟು ಬೆಲೆ ಇತ್ತು, ಅದು ನನ್ನ ಪ್ರಶ್ನೆ.

ಶಾರ್ಜಾ: ಇಲ್ಲಿ ಈಗ ಡ್ಯೂಟಿ ಮುಗೀತು, ಈಗ ಓದಿದೆ. ಕಾಂಗ್ರೆಸ್ಸಿನ ರಾಜಮೋಹನ್ ಉಣ್ಣಿತ್ತಾನ್ ಕೊಲ್ಲಂ ಕಡೆಯವರು. 2019ರಲ್ಲಿ ಬಂದು ನಿಂತು 40,438 ವೋಟಿನಿಂದ ಗೆದ್ದರು. ಎದುರಿಗಿದ್ದ ಸಿಪಿಎಂನ ಸತೀಶ್ಚಂದ್ರನ್ ಇದೇ ಜಿಲ್ಲೆಯವರು. 2024ರಲ್ಲಿ ಅಂತರ ಲಕ್ಷ ದಾಟಿತು. ಊರಿನವರೇ ಬೇಕು ಅಂತ ಜನ ಹೇಳಿದ್ದೆಲ್ಲಿ?

ಬದಿಯಡ್ಕ: 2019ರದ್ದು ಬೇರೆ ಕಥೆ. ಚುನಾವಣೆಗೆ ಎರಡು ತಿಂಗಳಿರುವಾಗ ಪೆರಿಯದಲ್ಲಿ ಇಬ್ಬರು ಯೂತ್ ಕಾಂಗ್ರೆಸ್ ಕಾರ್ಯಕರ್ತರ ಕೊಲೆ ಆಯಿತು. ರಾಹುಲ್ ಗಾಂಧಿ ವಯನಾಡಿಗೆ ಬಂದರು. ಇಡೀ ಕೇರಳದ ಗಾಳಿಯೇ ಬದಲಾಗಿತ್ತು.

ಕುಂಬಳೆ: 2024ರಲ್ಲಿ ಬಿಜೆಪಿಯಿಂದ ಅಶ್ವಿನಿಯವರು ನಿಂತಿದ್ದರಲ್ಲ. ಮಂಜೇಶ್ವರ ಬ್ಲಾಕ್ ಪಂಚಾಯತ್ ಸದಸ್ಯೆ, ಕನ್ನಡ ಬರುತ್ತದೆ, ತುಳು ಬರುತ್ತದೆ. ಸಿಕ್ಕಿದ್ದು 2,19,558 ವೋಟು, ಮೂರನೇ ಸ್ಥಾನ. 2019ರಲ್ಲಿ ಅದೇ ಪಕ್ಷದ ರವೀಶ ತಂತ್ರಿ ಕುಂಟಾರು ಅವರೂ ಮೂರನೆಯವರೇ. ಈ ಪೋಸ್ಟರ್ ಬರೆದವರು ಅದನ್ನು ನೋಡಲಿಲ್ಲವಾ?

ಪೆರ್ಲ: ಆದರೂ ಐದು ವರ್ಷದಲ್ಲಿ ನಲವತ್ತು ಸಾವಿರಕ್ಕಿಂತ ಜಾಸ್ತಿ ವೋಟು ಏರಿತು.

ಹೊಸದುರ್ಗ: ಏರಿದ್ದು ಭಾಷೆಯಿಂದಲಾ, ಪಕ್ಷ ಬೆಳೆದದ್ದರಿಂದಲಾ? ಅದನ್ನು ಬಿಡಿಸಿ ಹೇಳಲು ನಿನ್ನಿಂದ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ.

ನಾನು: ಕನ್ನಡ ಬಂದರೆ ಸಾಕು, ಗೆಲ್ಲುತ್ತಾರೆ ಅಂತ ನಾನು ಹೇಳುವುದಿಲ್ಲ. ಗೆಲುವಿನ ಮಾತು ಸ್ವಲ್ಪ ಬದಿಗಿಡೋಣ. ಪ್ರಚಾರದ ಸಮಯದಲ್ಲಿ ನಮ್ಮ ಪೇಟೆಯಲ್ಲಿ ಕಂಡದ್ದು ಹೇಳುತ್ತೇನೆ. ಯಾವ ಪಕ್ಷ ಅಂತ ಬೇಡ. ತೆರೆದ ಜೀಪಿನಲ್ಲಿ ಅಭ್ಯರ್ಥಿ ಬಂದರು. ಹಾರ ಹಾಕಿದರು, ಪಟಾಕಿ ಹೊಡೆದರು. ಅವರು ಮಲಯಾಳದಲ್ಲಿ ಮಾತಾಡಿದರು. ಪಕ್ಕದಲ್ಲಿದ್ದ ಮಂಡಲದ ಮುಖಂಡರು ಕೊನೆಗೆ ಎರಡು ವಾಕ್ಯ ಕನ್ನಡದಲ್ಲಿ ಹೇಳಿದರು. ಒಬ್ಬರು ಅಜ್ಜಿ, ಎಪ್ಪತ್ತೈದರ ಮೇಲೆ ಇರಬಹುದು, ಜೀಪಿನ ಹತ್ತಿರ ಬಂದರು. ಪ್ಲಾಸ್ಟಿಕ್ ಕವರಿನಲ್ಲಿ ಪೆನ್ಶನ್ ಮಸ್ಟರಿಂಗಿನ (ಪೆನ್ಶನ್ ಪಡೆಯುವವರು ಬದುಕಿದ್ದಾರೆ ಅಂತ ಬೆರಳಚ್ಚು ಕೊಟ್ಟು ತೋರಿಸುವುದು) ಚೀಟಿ ಇತ್ತು. ಸರ್ಕಾರಿ ಆನ್‌ಲೈನ್ ಸೇವೆಯ ಅಕ್ಷಯ ಸೆಂಟರಿನಲ್ಲಿ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಮೂರು ಸಲ ಹೋಗಿ ಬಂದೆ ಅಂತ ಕನ್ನಡದಲ್ಲಿ ಹೇಳಿದರು. ಅಭ್ಯರ್ಥಿ ಕೈ ಮುಗಿದು ನಕ್ಕರು. ಅಜ್ಜಿ ವೋಟು ಹಾಕುತ್ತೇನೆ ಅಂದರು ಅಂತ ತಿಳಿದುಕೊಂಡರು ಅನ್ನಿಸುತ್ತದೆ. ಜೀಪು ಮುಂದೆ ಹೋಯಿತು. ಅಜ್ಜಿ ಚೀಟಿಯನ್ನು ಮಡಚಿ ಕವರಿಗೆ ಹಾಕಿದರು. ಅಭ್ಯರ್ಥಿ ಒಳ್ಳೆಯ ಮನುಷ್ಯರೇ ಇರಬಹುದು. ಆದರೆ ಆ ಅಜ್ಜಿಯ ಕಷ್ಟ ಅವರ ಕಿವಿಗೆ ಹೋಗಲೇ ಇಲ್ಲ. ಇದಕ್ಕಾಗಿ ನನಗೆ ಸಿಟ್ಟು ಬರುತ್ತದೆ.

ಮುಳ್ಳೇರಿಯ: ಓದಿ ಬೇಜಾರಾಯಿತು. ನಮ್ಮ ಅತ್ತೆಗೂ ಹೀಗೇ.

ಹೊಸದುರ್ಗ: ಬೇಜಾರು ನನಗೂ ಇದೆ. ಆದರೆ ಪೆನ್ಶನ್ ರಾಜ್ಯ ಸರ್ಕಾರದ್ದು. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರ್ ಬರುವುದು, ಪಿಎಸ್‌ಸಿ ನೇಮಕಾತಿ, ಮಲಯಾಳದ ಅರ್ಜಿ, ಎಲ್ಲವೂ ತಿರುವನಂತಪುರದ್ದು. ಸಂಸದರು ಏನು ಮಾಡಬೇಕು? ಅವರಿಗೆ ರೈಲು, ಹೆದ್ದಾರಿ ನೋಡುವ ಕೆಲಸ.

ಮುಳ್ಳೇರಿಯ: ವಕೀಲಳಾಗಿ ಒಂದು ಮಾತು. ಸಂವಿಧಾನದ 350ಬಿ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿ ಇದ್ದಾರೆ. ರಾಷ್ಟ್ರಪತಿಗೆ ವರದಿ ಕೊಡುತ್ತಾರೆ, ಅದನ್ನು ಸಂಸತ್ತಿನಲ್ಲಿ ಇಡಬೇಕು. 350ಎ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ಹೇಳುತ್ತದೆ. ಎರಡೂ ಬಂದದ್ದು 1956ರ ಏಳನೇ ತಿದ್ದುಪಡಿಯಲ್ಲಿ. ನಮ್ಮ ತಾಲೂಕು ದಕ್ಷಿಣ ಕನ್ನಡ ಬಿಟ್ಟು ಕೇರಳಕ್ಕೆ ಸೇರಿದ ವರ್ಷವೂ ಅದೇ. ನಮ್ಮಂಥವರಿಗಾಗಿಯೇ ಬರೆದಿಟ್ಟದ್ದು. ಸಂಸತ್ತಿನಲ್ಲಿ ಅದನ್ನು ಎತ್ತಬೇಕಾದವರು ಸಂಸದರೇ ಅಲ್ವಾ?

ಹೊಸದುರ್ಗ: ಇದು ಗೊತ್ತಿರಲಿಲ್ಲ. ಸರಿ. ಆದರೆ ಎತ್ತಲು ಕನ್ನಡವೇ ಬರಬೇಕು ಅಂತಿಲ್ಲ. ವಿಷಯ ಗೊತ್ತಿದ್ದರೆ ಸಾಕು.

ನಾನು: ವಿಷಯ ಗೊತ್ತಾಗುವುದು ಹೇಗೆ? ಯಾರಾದರೂ ಹೇಳಬೇಕು, ಅವರಿಗೆ ಅದು ಅರ್ಥವಾಗಬೇಕು.

ಬದಿಯಡ್ಕ: ಮಂಜೇಶ್ವರ ನೋಡಿ. 2016ರಲ್ಲಿ ಅಲ್ಲಿ ಗೆಲುವಿನ ಅಂತರ ಬರೀ 89 ವೋಟು. ಒಂದೊಂದು ಮನೆಗೂ ಬೆಲೆ ಬಂತು. 2021ರಲ್ಲಿ ಮುಸ್ಲಿಂ ಲೀಗಿನವರು ಊರಿನ ಎ.ಕೆ.ಎಂ. ಅಶ್ರಫ್ ಅವರನ್ನೇ ನಿಲ್ಲಿಸಿದರು. 745 ವೋಟಿನಿಂದ ಗೆದ್ದು, ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ನಾನು ಅವರ ಪಕ್ಷದವನಲ್ಲ, ಆದರೂ ಅವತ್ತು ಟಿವಿ ಎದುರು ನಿಂತು ನೋಡಿದೆ. ಲೋಕಸಭೆಯಲ್ಲಿ ಅಂತರ ಲಕ್ಷ. ಅಲ್ಲಿ ನಮ್ಮನ್ನು ಯಾರು ಕೇಳುತ್ತಾರೆ?

ಶಾರ್ಜಾ: ಇದು ಸರಿಯಾದ ಮಾತು.

ಪೆರ್ಲ: ಅದಕ್ಕೇ ಪೋಸ್ಟರ್ ಕಳಿಸಿದ್ದು!

ನಾನು: ಪೋಸ್ಟರಿನಿಂದ ಆಗುವುದಿಲ್ಲ. ಇಂಥವರಿಗೇ ಕೊಡಿ ಅಂತ ಪೋಸ್ಟರ್ ಹೇಳುತ್ತದೆ. ಕೊಡುವುದು ಯಾರು ಅಂತ ಕೇಳುವುದಿಲ್ಲ. ಎಡಪಕ್ಷದಲ್ಲಿ ಜಿಲ್ಲೆಯಿಂದ ಹೆಸರು ಹೋದರೂ ತೀರ್ಮಾನ ರಾಜ್ಯ ಸಮಿತಿಯದ್ದು. ಕಾಂಗ್ರೆಸ್ಸಿನಲ್ಲಿ ಸ್ಕ್ರೀನಿಂಗ್ ಕಮಿಟಿ, ಆಮೇಲೆ ದೆಹಲಿ. ಬಿಜೆಪಿಯಲ್ಲೂ ದೆಹಲಿಯ ಚುನಾವಣಾ ಸಮಿತಿ. ಬೂತ್ ಕಮಿಟಿಯವರಿಗೆ ಹೆಸರು ಗೊತ್ತಾಗುವುದು ಟಿವಿಯಲ್ಲಿ. ಬಿಸಿಲಲ್ಲಿ ಮನೆ ಮನೆಗೆ ಸ್ಲಿಪ್ಪು ಹಂಚುವವರು ಅವರೇ.

ಕುಂಬಳೆ: ಕಾನೂನಿನಲ್ಲಿ ಏನಿದೆ, ವಕೀಲರೇ?

ಮುಳ್ಳೇರಿಯ: ಪಕ್ಷ ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಅಂತ ನಮ್ಮ ಕಾನೂನು ಹೇಳುವುದಿಲ್ಲ. ಬಿ ಫಾರ್ಮಿನಲ್ಲಿ ಪಕ್ಷ ಅಧಿಕಾರ ಕೊಟ್ಟವರ ಸಹಿ ಬೇಕು. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈಗೆ ಸೇರಬೇಕು. ಅಷ್ಟೇ. ಸದಸ್ಯರು ಒಪ್ಪಿದ್ದಾರಾ ಅಂತ ಯಾರೂ ಕೇಳುವುದಿಲ್ಲ. ಜರ್ಮನಿಯಲ್ಲಿ ಹಾಗಲ್ಲ. ಕ್ಷೇತ್ರದ ಪಕ್ಷದ ಸದಸ್ಯರು, ಇಲ್ಲವೇ ಅವರು ಆರಿಸಿದ ಪ್ರತಿನಿಧಿಗಳು, ಗುಪ್ತ ಮತದಾನದಲ್ಲೇ ಆರಿಸಬೇಕು ಅಂತ ಕಾನೂನಿದೆ.

ಹೊಸದುರ್ಗ: ಜರ್ಮನಿ ಯಾಕೆ, ತಲಪಾಡಿ ದಾಟಿದರೆ ಮಂಗಳೂರು. 2014ರಲ್ಲಿ ಕಾಂಗ್ರೆಸ್ಸಿನವರು ದಕ್ಷಿಣ ಕನ್ನಡದಲ್ಲಿ ಪಕ್ಷದೊಳಗೇ ವೋಟು ಹಾಕಿಸಿ ಅಭ್ಯರ್ಥಿ ಆರಿಸಿದರು. ಜನಾರ್ದನ ಪೂಜಾರಿ ಅವರಿಗೆ ಟಿಕೆಟ್ ಬಂತು. ಚುನಾವಣೆಯಲ್ಲಿ ಸೋತರು. ಬೆಂಗಳೂರು ಉತ್ತರದಲ್ಲೂ ಅದೇ ಪ್ರಯೋಗ, ಅಲ್ಲೂ ಸೋಲು. ಒಳಗೇ ವೋಟು ಅಂದರೆ ಒಳಗೇ ಗುಂಪುಗಾರಿಕೆ.

ನಾನು: ಆ ವರ್ಷ ಒಳಗೆ ವೋಟು ಹಾಕಿಸದ ಕ್ಷೇತ್ರಗಳಲ್ಲೂ ಕಾಂಗ್ರೆಸ್ ಸೋತಿತು. ದೇಶದಲ್ಲಿ ಸಿಕ್ಕಿದ್ದು 44 ಸ್ಥಾನ. ಸೋಲಿಗೆ ಆ ಪದ್ಧತಿಯೇ ಕಾರಣ ಅನ್ನುವುದು ಸರಿಯಲ್ಲ. ಗುಂಪುಗಾರಿಕೆ ಈಗಲೂ ಇದೆ, ದೆಹಲಿಗೆ ವಿಮಾನದಲ್ಲಿ ಹೋಗುತ್ತದೆ. ಅದು ಊರಿನಲ್ಲೇ, ಎಲ್ಲರ ಕಣ್ಣೆದುರು ಆಗಲಿ. ಮೂರೂ ಪಕ್ಷದ ಜಿಲ್ಲಾ ಸಮಿತಿಗೆ ಈಗಲೇ ಪತ್ರ ಬರೆಯೋಣ. ನಮ್ಮಲ್ಲಿ ಮೂರೂ ಪಕ್ಷದವರಿದ್ದೇವೆ. ಹೆಸರು ಕಳಿಸುವ ಮೊದಲು ಮಂಜೇಶ್ವರ, ಕಾಸರಗೋಡಿನ ಬೂತ್ ಕಾರ್ಯಕರ್ತರ ಸಭೆ ಕರೆಯಿರಿ, ಕನ್ನಡದಲ್ಲಿ ಕರೆಯಿರಿ. ಯಾರನ್ನೇ ನಿಲ್ಲಿಸಿದರೂ ಕನ್ನಡದಲ್ಲಿ ದೂರು ತೆಗೆದುಕೊಂಡು ಕನ್ನಡದಲ್ಲೇ ಉತ್ತರ ಕೊಡುವ ವ್ಯವಸ್ಥೆ ಇರಬೇಕು. ಹೊಳೆಯ ಈಚೆಗೂ ಸಂಸದರ ಒಂದು ಕಚೇರಿ ಬೇಕು.

ಪೆರ್ಲ: ಊರಿನವರೇ ಆಗಬೇಕು ಅಂತಲೂ ಸೇರಿಸು.

ಹೊಸದುರ್ಗ: ಅದನ್ನು ಸೇರಿಸಿದರೆ ನಾನು ಸಹಿ ಹಾಕುವುದಿಲ್ಲ. ಪಯ್ಯನ್ನೂರಿನವರೂ ಇದೇ ಕ್ಷೇತ್ರದವರು. ನಾಳೆ ಅವರೂ ನಮ್ಮವರೇ ಬೇಕು ಅಂದರೆ? ಸಭೆ, ಉತ್ತರ, ಕಚೇರಿ, ಈ ಮೂರಕ್ಕೆ ಸಹಿ ಹಾಕುತ್ತೇನೆ.

ಪೆರ್ಲ: ನಾನು ಬಿಡುವುದಿಲ್ಲ. ಇದನ್ನು ಬಿಟ್ಟರೆ ಪತ್ರ ಯಾಕೆ?

ಮುಳ್ಳೇರಿಯ: ಮೊದಲು ಕರಡು ಹಾಕಿ. ಭಾನುವಾರ ಕೋರ್ಟ್ ರಜೆ, ತಿದ್ದಿ ಕೊಡುತ್ತೇನೆ. ಆ ಸಾಲಿನ ಜಗಳ ಆಮೇಲೆ ಮಾಡಿ.