12 ವರ್ಷದ ಮೇಲೆ "ಇನ್ನು ಬರಬೇಡಿ" ಅಂದರು, ಸರ್ಟಿಫಿಕೇಟೂ ಕೊಡ್ತಿಲ್ಲ. ಖಾಸಗಿ ಶಾಲೆಯ ಶಿಕ್ಷಕರಿಗೆ ಕಾನೂನಿನಲ್ಲಿ ದಾರಿ ಇದೆಯಾ?

ಬೆಟಗೇರಿ ಅಕ್ಕೋರು, ಗದಗ

ಎಲ್ಲರಿಗೂ ನಮಸ್ಕಾರ. ಗದಗ ಹತ್ತಿರದ ಒಂದು ಅನುದಾನರಹಿತ ಹೈಸ್ಕೂಲಿನಲ್ಲಿ 2014ರ ಜೂನ್‌ನಿಂದ ಕನ್ನಡ ಕಲಿಸುತ್ತಿದ್ದೆ. ರಾಜ್ಯ ಪಠ್ಯಕ್ರಮದ ಶಾಲೆ. ಬಿ.ಎಡ್ ಆಗಿದೆ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೂ ಹೋಗುತ್ತಿದ್ದೆ, ಈ ವರ್ಷವೂ ಹೋಗಿದ್ದೆ. ಕೊನೆಯ ಪಗಾರ 15,600.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ ಹೋದರೆ ಮಸ್ಟರಿನಲ್ಲಿ (ಹಾಜರಿ ಪುಸ್ತಕದಲ್ಲಿ) ನನ್ನ ಹೆಸರಿನ ಸಾಲೇ ಇಲ್ಲ. ನನ್ನ ಮೇಲಿನವರ ಹೆಸರಿದೆ, ಕೆಳಗಿನವರದೂ ಇದೆ. ಕ್ರಮಸಂಖ್ಯೆ ಮಾತ್ರ ಹೊಸದಾಗಿ ಬರೆದಿದ್ದಾರೆ. ಹೆಡ್‌ಮಾಸ್ತರರನ್ನು ಕೇಳಿದೆ. ಅವರು ತಲೆ ಎತ್ತಲಿಲ್ಲ, "ಸೆಕ್ರೆಟರಿಯವರನ್ನು ಭೇಟಿಯಾಗಿ" ಅಂದರು. ಸೆಕ್ರೆಟರಿಯವರು ಹೇಳಿದ್ದು ಇಷ್ಟು: ಎಂಟನೆಯ ಬಿ ಸೆಕ್ಷನ್ ಮುಚ್ಚಿದ್ದೇವೆ, ಇನ್ನು ನಿಮ್ಮ ಅವಶ್ಯಕತೆ ಇಲ್ಲ. ಅದೇ ವಾರ ಕನ್ನಡಕ್ಕೆ ಹೊಸ ಹುಡುಗಿಯೊಬ್ಬಳನ್ನು ತಗೊಂಡಿದ್ದಾರೆ. ಅವಳ ಮೇಲೆ ನನಗೆ ಏನೂ ಸಿಟ್ಟಿಲ್ಲ. ಅವಳಿಗೂ ಪಗಾರ ಬೇಕು ಅಲ್ವಾ.

ಸೇರುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಎ, ಬಿ.ಎಡ್ ಎಲ್ಲ ಮೂಲ ಅಂಕಪಟ್ಟಿ ಇಸ್ಕೊಂಡಿದ್ದರು. ಈಗ ಕೇಳಿದರೆ ಒಂದು ಹಾಳೆ ಮುಂದಿಟ್ಟರು. ಟೈಪ್ ಮಾಡಿದ ಹಾಳೆ, ಕೆಳಗೆ ರೆವಿನ್ಯೂ ಸ್ಟಾಂಪ್ ಮೊದಲೇ ಅಂಟಿಸಿದ್ದಾರೆ. "ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ. ಬರಬೇಕಾದ ಎಲ್ಲ ಹಣ ರೂ. ........ ಮುಟ್ಟಿದೆ. ಮುಂದೆ ಯಾವ ತಕರಾರೂ ಇಲ್ಲ" ಅಂತ ಇದೆ. ಹಣದ ಜಾಗ ಖಾಲಿ. ತಾರೀಖೂ ಖಾಲಿ. ಸಹಿ ಮಾಡಿದರೆ ಅಂಕಪಟ್ಟಿ ಕೊಡ್ತಾರಂತೆ.

ನಾನು ಸಹಿ ಮಾಡದೆ ಬಂದಿದ್ದೇನೆ. ಆದರೆ ಬೇರೆ ಶಾಲೆಯಲ್ಲಿ ಕೆಲಸ ಕೇಳಬೇಕಂದ್ರೆ ಮೂಲ ಪ್ರತಿ ಬೇಕು. ಮನೆಯವರು "ಸುಮ್ನೆ ಸಹಿ ಹಾಕಿ ತಗೊಂಡು ಬಾ, ಕೋರ್ಟು ಕಚೇರಿ ನಮಗ್ಯಾಕೆ" ಅಂತಿದ್ದಾರೆ. ಪಿಎಫ್ ಅಂತ ತಿಂಗಳಿಗೆ 1,800 ಹಿಡಿಯುತ್ತಿದ್ದರು. ಪಾಸ್‌ಬುಕ್ ನೋಡಿದರೆ ಲಾಕ್‌ಡೌನ್ ಆದಮೇಲೆ ಎರಡು ವರ್ಷ ಒಂದು ರೂಪಾಯಿಯೂ ಜಮಾ ಆಗಿಲ್ಲ. ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕೊಡುವ ಇಡಿಗಂಟು, ಗ್ರಾಚ್ಯುಟಿ, ಕೇಳಿದೆ. "ಅದು ಫ್ಯಾಕ್ಟರಿಯವರಿಗೆ, ಮಾಸ್ತರರಿಗಲ್ಲ" ಅಂದರು. ಮೇಲಾಗಿ ಮೇ ತಿಂಗಳ ಪಗಾರ ಯಾವ ವರ್ಷವೂ ಕೊಡುತ್ತಿರಲಿಲ್ಲ, ಹಾಗಾಗಿ ನಿಮ್ಮದು ಸತತ ಸೇವೆಯೇ ಅಲ್ಲ ಅಂತಲೂ ಹೇಳಿದರು.

ಇದರಲ್ಲಿ ಯಾವುದು ನಿಜ? ನಾನು ಮೊದಲು ಯಾವ ಬಾಗಿಲು ತಟ್ಟಬೇಕು?

ಧಾರವಾಡದ ವಕೀಲೆ

ಅಕ್ಕೋರೇ, ಸಹಿ ಮಾಡದೆ ಎದ್ದು ಬಂದಿರಿ, ಅದು ದೊಡ್ಡ ಕೆಲಸ. ಇನ್ನು ಮುಂದೂ ಮಾಡಬೇಡಿ. ನಿಮ್ಮ ಇಡೀ ಪ್ರಕರಣ ಆ ಹಾಳೆಯ ಮೇಲೆ ನಿಂತಿದೆ. ಅದಕ್ಕೆ ಸಹಿ ಬಿದ್ದರೆ ನೀವಾಗಿಯೇ ಬಿಟ್ಟು ಹೋದ ಹಾಗೆ. ಬೀಳದಿದ್ದರೆ ಅವರು ನಿಮ್ಮನ್ನು ತೆಗೆದು ಹಾಕಿದ ಹಾಗೆ. ತೆಗೆಯುವುದಕ್ಕೆ ಕಾನೂನಿನಲ್ಲಿ ಒಂದು ರೀತಿ ಇದೆ.

ಕರ್ನಾಟಕ ಶಿಕ್ಷಣ ಕಾಯ್ದೆ 1983ರದ್ದು, ಜಾರಿಗೆ ಬಂದದ್ದು 1995ರಲ್ಲಿ. ಅದರ 92ನೇ ಕಲಂ ಪ್ರಕಾರ ಖಾಸಗಿ ಶಾಲೆಯ ನೌಕರರನ್ನು ಆರೋಪ ತಿಳಿಸದೆ, ವಿಚಾರಣೆ ನಡೆಸದೆ, ಅವರ ಮಾತು ಕೇಳದೆ ತೆಗೆಯುವಂತಿಲ್ಲ. ಅನುದಾನ ಇಲ್ಲ ಅನ್ನೋದು ಇಲ್ಲಿ ನೆಪವಾಗುವುದಿಲ್ಲ. ಸೆಕ್ಷನ್ ಮುಚ್ಚಿದ್ದಕ್ಕೆ ಸಿಬ್ಬಂದಿ ಕಡಿತ ಅಂತ ಅವರು ಹೇಳಿದರೆ 98ನೇ ಕಲಂ ತೋರಿಸಿ. ಅದರಲ್ಲಿ ಇಲಾಖೆಯ ಪೂರ್ವಾನುಮತಿಯ ಮಾತಿದೆ. ಅನುಮತಿ ಪತ್ರ ಎಲ್ಲಿದೆ ಅಂತ ಕೇಳಿ. ಅದೇ ವಾರ ಅದೇ ವಿಷಯಕ್ಕೆ ಹೊಸಬರನ್ನು ತಗೊಂಡಿದ್ದಾರೆ ಅಂದಮೇಲೆ ಅವಶ್ಯಕತೆ ಇಲ್ಲ ಅನ್ನೋ ಮಾತು ನಿಲ್ಲುವುದು ಕಷ್ಟ.

ಬಹಳ ಜನ ಶಿಕ್ಷಕರು ಮೊದಲು ಲೇಬರ್ ಕೋರ್ಟಿಗೆ ಹೋಗಿ ಒಂದೆರಡು ವರ್ಷ ಕಳೆದುಕೊಳ್ಳುತ್ತಾರೆ. ನೋಡಿ ಬೇಜಾರಾಗುತ್ತದೆ. ಶಿಕ್ಷಕರು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ, ಗೋವಾದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಹೇಳಿಬಿಟ್ಟಿದೆ. ನಿಮ್ಮ ಬಾಗಿಲು ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿ. ಅದಕ್ಕೆ ಬೇರೆ ಕಟ್ಟಡ ಹುಡುಕಬೇಡಿ, ಜಿಲ್ಲಾ ನ್ಯಾಯಾಧೀಶರೇ ಆ ಕೆಲಸ ನೋಡುತ್ತಾರೆ. 94ನೇ ಕಲಂ ಕೆಳಗೆ ಆದೇಶ ತಿಳಿದ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಆದೇಶವನ್ನೇ ಕೊಟ್ಟಿಲ್ಲವಲ್ಲ ಅಂತ ಕಾಯುತ್ತ ಕೂರಬೇಡಿ. ಮಸ್ಟರಿನಿಂದ ಹೆಸರು ತೆಗೆದ ದಿನದಿಂದಲೇ ಲೆಕ್ಕ ಇಟ್ಟುಕೊಳ್ಳಿ.

ಇವತ್ತೇ ಒಂದು ಪತ್ರ ಬರೆಯಿರಿ. ವಾದ ಬೇಡ, ಬೈಗುಳ ಬೇಡ. ಇಂಥ ತಾರೀಖಿಗೆ ಕೆಲಸಕ್ಕೆ ಬಂದೆ, ಮಸ್ಟರಿನಲ್ಲಿ ಹೆಸರಿರಲಿಲ್ಲ, ಬಾಯಿಮಾತಿನಲ್ಲಿ ಬೇಡ ಅಂದಿರಿ, ನಾನು ರಾಜೀನಾಮೆ ಕೊಟ್ಟಿಲ್ಲ, ಈಗಲೂ ಕೆಲಸಕ್ಕೆ ಸಿದ್ಧಳಿದ್ದೇನೆ, ನನ್ನ ಮೂಲ ಅಂಕಪಟ್ಟಿಗಳನ್ನು ಮರಳಿಸಿ. ಇಷ್ಟು ಸಾಕು. ಯಾವ ಯಾವ ಅಂಕಪಟ್ಟಿ ಅವರ ಹತ್ತಿರ ಇದೆ ಅನ್ನೋದನ್ನು ರಿಜಿಸ್ಟರ್ ನಂಬರ್ ಸಮೇತ ಅದರಲ್ಲೇ ಬರೆಯಿರಿ. ಮುಟ್ಟಿದ ರಸೀದಿ ಬರುವ ಹಾಗೆ ಸ್ಪೀಡ್ ಪೋಸ್ಟ್ ಮಾಡಿ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ, ಒಂದು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಅವರಿಗೆ. ಕೈಯಲ್ಲಿ ಕೊಟ್ಟರೆ ಟಪಾಲು ವಿಭಾಗದ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಅಂಕಪಟ್ಟಿ ನಿಮ್ಮ ಸ್ವತ್ತು. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಶಾಲೆಗಿಲ್ಲ. ಒಂದು ಎಚ್ಚರಿಕೆ: ಯಾರೋ ನಿಮಗೆ "ಕಳೆದಿದೆ ಅಂತ ಪೊಲೀಸರಿಗೆ ದೂರು ಕೊಟ್ಟು, ಅಫಿಡವಿಟ್ ಮಾಡಿಸಿ ಡುಪ್ಲಿಕೇಟ್ ತಗೊಳ್ಳಿ" ಅಂತ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ಕಳೆದಿಲ್ಲ ಅಂತ ಗೊತ್ತಿದ್ದೂ ಹಾಗೆ ಪ್ರಮಾಣ ಮಾಡಿದರೆ ಸುಳ್ಳು ಅಫಿಡವಿಟ್ ಆಗುತ್ತದೆ. ನಾಳೆ ಅವರೇ ಆ ಫೈಲ್ ತಂದು ನ್ಯಾಯಾಧೀಶರ ಮುಂದೆ ಇಟ್ಟರೆ ತಪ್ಪು ನಿಮ್ಮದಾಗುತ್ತದೆ.

ಇನ್ನು ಗ್ರಾಚ್ಯುಟಿ. "ಮಾಸ್ತರರಿಗಲ್ಲ" ಅನ್ನೋದು ಹಳೇ ಮಾತು. 2004ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತ್ತು ನಿಜ. ಆಮೇಲೆ ಸಂಸತ್ತು 2009ರಲ್ಲಿ ಗ್ರಾಚ್ಯುಟಿ ಕಾಯ್ದೆಗೆ ತಿದ್ದುಪಡಿ ಮಾಡಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಆಗುವ ಹಾಗೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳ ಒಕ್ಕೂಟ ಅದನ್ನು ಪ್ರಶ್ನಿಸಿತು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿ ಸರಿ ಅಂತ ತೀರ್ಪು ಕೊಟ್ಟಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಬದಲು ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಕಾನೂನಿನ ಹೆಸರು ಬದಲಾಯಿತು, ಐದು ವರ್ಷದ ಸೇವೆ ಮತ್ತು ವರ್ಷಕ್ಕೆ 15 ದಿನದ ಪಗಾರ ಅನ್ನೋ ಲೆಕ್ಕ ಹಾಗೇ ಉಳಿದಿದೆ.

ನಿಮ್ಮ ಲೆಕ್ಕ ನೋಡೋಣ. ತಿಂಗಳಿಗೆ 26 ದಿನ ಅಂತ ಹಿಡಿದು 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600. 15 ದಿನಕ್ಕೆ 9,000. ನಿಮಗೆ 11 ವರ್ಷ ತುಂಬಿ ಮೇಲೆ ಆರು ತಿಂಗಳಿಗಿಂತ ಜಾಸ್ತಿ ಆಗಿದೆ, ಅದನ್ನು 12 ವರ್ಷ ಅಂತಲೇ ಹಿಡಿಯಬೇಕು. ಒಟ್ಟು 1,08,000. ಮೇ ತಿಂಗಳ ನೆಪಕ್ಕೆ ಉತ್ತರ: ನೌಕರರ ತಪ್ಪಿಲ್ಲದೆ ಕೆಲಸ ನಿಂತ ದಿನಗಳಿಂದ ಸೇವೆ ತುಂಡಾಗುವುದಿಲ್ಲ. ರಜೆ ಕೊಟ್ಟವರು ನೀವಲ್ಲ, ಶಾಲೆ. ಮೊದಲು ಶಾಲೆಗೆ ಅರ್ಜಿ ಕೊಡಿ. 30 ದಿನದಲ್ಲಿ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ಕೆಲಸ ಹೋದ ತಂಟೆಗೆ ನ್ಯಾಯಮಂಡಳಿ, ಗ್ರಾಚ್ಯುಟಿಗೆ ಕಾರ್ಮಿಕ ಇಲಾಖೆ, ಎರಡೂ ಬೇರೆ ಬೇರೆ ದಾರಿ. ತಡವಾದರೆ ಬಡ್ಡಿಯೂ ಸೇರುತ್ತದೆ.

ರಾಣೇಬೆನ್ನೂರು ಕಡೆಯ ಶಾಲಾ ಕಾರ್ಯದರ್ಶಿ

ನಾನು ಆ ಕಡೆ ಕುರ್ಚಿಯಲ್ಲಿ ಕೂರುವವನು. ಹಳ್ಳಿಯ ಶಾಲೆ, ನರ್ಸರಿಯಿಂದ ಏಳನೇ ತರಗತಿ ತನಕ. ಅಂಕಪಟ್ಟಿ ಹಿಡಿದಿಟ್ಟುಕೊಳ್ಳೋದು, ಖಾಲಿ ಹಾಳೆಗೆ ಸಹಿ ಕೇಳೋದು ತಪ್ಪೇ ತಪ್ಪು. ಅದರಲ್ಲಿ ನನ್ನ ಎರಡು ಮಾತಿಲ್ಲ.

ಆದರೆ ನಮ್ಮ ಪಾಡೂ ಕೇಳಿ. ಮೆಣಸಿನಕಾಯಿ, ಗೋವಿನಜೋಳದ ದರ ಬಿದ್ದ ವರ್ಷ ನಮ್ಮಲ್ಲಿ ಫೀಸು ಬರುವುದಿಲ್ಲ. ಪಾಲಕರು "ಮಾಲು ಮಾರಿದ ಮೇಲೆ ಕೊಡ್ತೀವಿ ಸರ್" ಅಂತಾರೆ. ಅವರನ್ನು ಏನು ಅನ್ನೋದು? ಮಗುವನ್ನು ಹೊರಗೆ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಮೊದಲು ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನ ಮಕ್ಕಳಿಗೆ ಸರ್ಕಾರದಿಂದ ಹಣ ಬರುತ್ತಿತ್ತು. 2019-20ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದ ಕಡೆ ಖಾಸಗಿಯಲ್ಲಿ ಆ ಸೀಟು ಇಲ್ಲ ಅಂತ ನಿಯಮ ಬಂತು. ಆ ಮಕ್ಕಳು ಹೋದರು, ಆ ಹಣವೂ ಹೋಯಿತು. ಶಾಲೆ ವ್ಯಾನಿನ ಕಂತು ಮಾತ್ರ ನಿಲ್ಲಲಿಲ್ಲ.

ಗ್ರಾಚ್ಯುಟಿ ಒಮ್ಮೆಲೇ ಲಕ್ಷದ ಲೆಕ್ಕದಲ್ಲಿ ಎದುರು ಬಂದಾಗ ಸಣ್ಣ ಶಾಲೆಯವರು ಹೆದರುತ್ತಾರೆ. ಹೆದರಿಕೆಯಿಂದಲೇ ಇಂಥ ಹಾಳೆ ಟೈಪ್ ಮಾಡಿಸುತ್ತಾರೆ. ನಾವು ಬೇರೆ ದಾರಿ ಹಿಡಿದೆವು. ಎಲ್‌ಐಸಿಯಲ್ಲಿ ಗುಂಪು ಗ್ರಾಚ್ಯುಟಿ ಯೋಜನೆ ಇದೆ, ಅದಕ್ಕೆ ವರ್ಷ ವರ್ಷ ಕಟ್ಟುತ್ತೇವೆ. ಒಬ್ಬೊಬ್ಬರಿಗೆ ಸುಮಾರು ಅರ್ಧ ತಿಂಗಳ ಪಗಾರ ಅಂತ ಹಿಡಿದರೆ ಫೀಸು ನಿಗದಿ ಮಾಡುವಾಗಲೇ ಲೆಕ್ಕ ಕೂಡುತ್ತದೆ. ಇಲ್ಲಿ ಓದುತ್ತಿರುವ ಆಡಳಿತ ಮಂಡಳಿಯವರು ಇದನ್ನು ಒಮ್ಮೆ ನೋಡಿ. ಹತ್ತು ಜನ ಸಿಬ್ಬಂದಿ ಇದ್ದರೆ ಗ್ರಾಚ್ಯುಟಿ, ಇಪ್ಪತ್ತಾದರೆ ಪಿಎಫ್. ಆಯಾ, ಡ್ರೈವರ್, ಜವಾನ ಎಲ್ಲರೂ ಆ ಎಣಿಕೆಗೆ ಬರುತ್ತಾರೆ.

ಅಕ್ಕೋರೇ, ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಒಮ್ಮೆ ಮಾತಾಡಿ ನೋಡಿ. ಮೂರು ಕಂತಿನಲ್ಲಿ ಕೊಡುತ್ತೇವೆ ಅಂದರೂ ಒಪ್ಪಿಕೊಳ್ಳಬಹುದು. ಊರೊಳಗೆ ನಾಳೆ ಮುಖ ನೋಡಬೇಕಲ್ಲ.

ನವನಗರ ಮಾಸ್ತರ್, ಹುಬ್ಬಳ್ಳಿ

ಪಿಎಫ್ ಬಗ್ಗೆ ನಾನು ಹೇಳುತ್ತೇನೆ. ನನ್ನದೂ ಇದೇ ತರ ಆಗಿತ್ತು, ಬೇರೆ ಶಾಲೆ.

ಪ್ರಾದೇಶಿಕ ಪಿಎಫ್ ಕಚೇರಿ ಇಲ್ಲೇ ನವನಗರದಲ್ಲಿದೆ. ಬರುವ ಮುಂಚೆ ಪಾಸ್‌ಬುಕ್ ಪ್ರಿಂಟ್ ತೆಗೆಯಿರಿ, ಖಾಲಿ ಇರುವ ತಿಂಗಳಿಗೆ ಪೆನ್ಸಿಲ್ ಗುರುತು ಹಾಕಿ. ಪಕ್ಕದಲ್ಲಿ ಅದೇ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಪಗಾರ 15,600 ಇದ್ದು ಖಾತೆಗೆ 13,800 ಬಂದಿದ್ದರೆ 1,800 ಎಲ್ಲಿ ಹೋಯಿತು ಅಂತ ಯಾರಿಗೂ ವಿವರಿಸಬೇಕಾಗಿಲ್ಲ. 15,000ಕ್ಕೆ ಶೇ 12 ಅಂದರೆ ಸರಿಯಾಗಿ ಅಷ್ಟೇ. ಶಾಲೆಯೂ ಅಷ್ಟೇ ಹಾಕಬೇಕಿತ್ತು. ಅಂದರೆ ಆ ಎರಡು ವರ್ಷದಲ್ಲಿ ನಿಮ್ಮ ಪಾಲಿನ ಜೊತೆ ಅವರ ಪಾಲೂ ಬಾಕಿ ಇದೆ. ದೂರನ್ನು ಆನ್‌ಲೈನ್‌ನಲ್ಲೂ ಹಾಕಬಹುದು, ಇಪಿಎಫ್‌ಒದವರ ಕುಂದುಕೊರತೆ ಪೋರ್ಟಲ್ ಇದೆ. ನಾನು ಎರಡೂ ಮಾಡಿದೆ. ಪಗಾರದಿಂದ ಹಿಡಿದು ಕಟ್ಟದೇ ಇರುವುದು ನಂಬಿಕೆ ದ್ರೋಹದ ಅಪರಾಧ ಅಂತ ಕಾನೂನಿನಲ್ಲೇ ಇದೆ. ನೋಟಿಸ್ ಹೋದ ಮೇಲೆ ನಮ್ಮ ಶಾಲೆಯವರು ತಾವಾಗಿಯೇ ಕಟ್ಟಿದರು.

ಇನ್ನೊಂದು ಮಾತು. ನಾಳೆ ಅವರು "ಇವರು ನಮ್ಮಲ್ಲಿ ಕೆಲಸವೇ ಮಾಡಿಲ್ಲ, ಗೌರವ ಶಿಕ್ಷಕಿ ಆಗಿದ್ದರು" ಅನ್ನಬಹುದು. ನನಗೆ ಹಾಗೇ ಅಂದಿದ್ದರು. ಮೌಲ್ಯಮಾಪನದ ಆದೇಶ ಪ್ರತಿಗಳನ್ನೆಲ್ಲ ಹುಡುಕಿ ಇಡಿ. ಅದರಲ್ಲಿ ನಿಮ್ಮ ಹೆಸರು, ಶಾಲೆ ಹೆಸರು, ವರ್ಷ ಮೂರೂ ಇರುತ್ತದೆ. ಬಿಇಒ ಕಚೇರಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಶಾಲೆ ಮಾನ್ಯತೆ ನವೀಕರಣಕ್ಕೆ ಕೊಟ್ಟ ಸಿಬ್ಬಂದಿ ಪಟ್ಟಿಯ ಪ್ರತಿ ಕೇಳಿ. ಶಾಲೆಗಳು ಸರ್ಕಾರಕ್ಕೆ ತುಂಬಿ ಕೊಡುವ ಯು-ಡೈಸ್ ಮಾಹಿತಿಯಲ್ಲೂ ಶಿಕ್ಷಕರ ವಿವರ ತುಂಬಿರುತ್ತಾರೆ. ಮಾನ್ಯತೆಗೆ ನಿಮ್ಮ ಬಿ.ಎಡ್ ತೋರಿಸಿ, ಆಮೇಲೆ ನೀವು ಯಾರೋ ಗೊತ್ತಿಲ್ಲ ಅನ್ನೋಕೆ ಬರುವುದಿಲ್ಲ.

ಬೆಟಗೇರಿ ಅಕ್ಕೋರು, ಗದಗ

ಎಲ್ಲರಿಗೂ ತುಂಬಾ ಧನ್ಯವಾದ. ಓದುತ್ತ ಓದುತ್ತ ಧೈರ್ಯ ಬಂತು. ಪತ್ರ ಬರೆದು ಕಳಿಸಿದ್ದೇನೆ, ಬಿಇಒ ಆಫೀಸಿನ ಸೀಲೂ ಬಿದ್ದಿದೆ. 2016ರಿಂದ ಈಚಿನ ಮೌಲ್ಯಮಾಪನದ ಆದೇಶಗಳು ಟ್ರಂಕಿನಲ್ಲಿ ಸಿಕ್ಕವು.

ಎರಡು ಪ್ರಶ್ನೆ ಉಳಿದಿವೆ. ಕಾರ್ಯದರ್ಶಿ ಸರ್ ಹೇಳಿದ ಹಾಗೆ ಕಂತಿಗೆ ಒಪ್ಪಿಕೊಂಡರೆ ಮುಂದೆ ತೊಂದರೆ ಆಗುತ್ತದಾ? ಮತ್ತೆ, ವಕೀಲರ ಫೀಸು ಕೊಡುವಷ್ಟು ಈಗ ನನ್ನ ಹತ್ತಿರ ಇಲ್ಲ. ಮೂರು ತಿಂಗಳೊಳಗೆ ಹೇಗೆ ಹೊಂದಿಸುವುದು?

ಧಾರವಾಡದ ವಕೀಲೆ

ಮಾತುಕತೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಕಾರ್ಯದರ್ಶಿಯವರ ಒಂದು ಮಾತು ನನಗೆ ಒಪ್ಪಿಗೆಯಿಲ್ಲ. ಊರೊಳಗೆ ಮುಖ ನೋಡಬೇಕು ಅನ್ನೋ ಸಂಕೋಚ ಯಾವಾಗಲೂ ಅಕ್ಕೋರ ಪಾಲಿಗೇ ಬರುತ್ತದೆ. ಹೆಸರು ಹೊಡೆದು ಹಾಕುವಾಗ ಆ ಕಡೆಯವರಿಗೆ ಅದು ನೆನಪಾಗಲಿಲ್ಲ.

ಕಂತಿಗೆ ಒಪ್ಪುವುದಾದರೆ ಒಟ್ಟು ಮೊತ್ತ, ಪ್ರತಿ ಕಂತಿನ ತಾರೀಖು, ಯಾವ ಬಾಬ್ತು ಎಷ್ಟು ಅನ್ನೋದು ಎರಡೂ ಕಡೆಯ ಸಹಿಯ ಕಾಗದದಲ್ಲಿ ಇರಲಿ. ಅಂಕಪಟ್ಟಿ ಮೊದಲ ದಿನವೇ ನಿಮ್ಮ ಕೈಗೆ ಬರಬೇಕು, ಕೊನೆಯ ಕಂತಿನ ದಿನ ಅಲ್ಲ. "ಎಲ್ಲ ಮುಟ್ಟಿದೆ" ಅಂತ ಬರೆದುಕೊಡುವುದು ಕೊನೆಯ ಚೆಕ್ ಪಾಸಾದ ಮೇಲೆ. ಪಿಎಫ್ ವಿಷಯವನ್ನು ಈ ಒಪ್ಪಂದದೊಳಗೆ ತರಬೇಡಿ, ಅದು ನಿಮ್ಮ ಖಾತೆಗೆ ಬರಬೇಕಾದ ಹಣ, ಚೌಕಾಸಿಯದ್ದಲ್ಲ. ಮಾತುಕತೆ ನಡೆಯುತ್ತಿದೆ ಅಂತ ಮೂರು ತಿಂಗಳು ದಾಟಲು ಬಿಡಬೇಡಿ. ಅರ್ಜಿ ಹಾಕಿದ ಮೇಲೂ ರಾಜಿ ಆಗಬಹುದು.

ಫೀಸಿನ ಚಿಂತೆ ಬಿಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಂನಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಇದೆ. ಗದಗ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೋಗುವಾಗ ಆಧಾರ್, ನಿಮ್ಮ ಪತ್ರದ ಸೀಲ್ ಬಿದ್ದ ಪ್ರತಿ, ನೇಮಕಾತಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಆ ಮೌಲ್ಯಮಾಪನದ ಆದೇಶಗಳ ಜೆರಾಕ್ಸ್ ತಗೊಂಡು ಹೋಗಿ. ಮೂಲ ಪ್ರತಿಗಳನ್ನು ಯಾರ ಕೈಗೂ ಬಿಟ್ಟು ಬರಬೇಡಿ, ವಕೀಲರ ಕೈಗೂ ಕೂಡ.