ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ, ಆದರೂ ಕೋರಲ್ (ಹವಳ) ಬಾಡ್ತಾ ಇದೆ. ಯಾಕೆ?

ವಿಜಯಪುರದ ಮೀನು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಉಪ್ಪುನೀರಿನ ಟ್ಯಾಂಕ್ ಇಟ್ಟು ಏಳು ತಿಂಗಳಾಯಿತು. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಕಲ್ಲು, ಮರಳು ಕಳೆದರೆ ಸುಮಾರು 60 ಲೀಟರ್ ನೀರು. ಎರಡು ಕ್ಲೌನ್ ಮೀನು, ಎರಡು ಬಸವನಹುಳು. ಕೋರಲ್ ಎಲ್ಲಾ ಮೆದು ಜಾತಿಯವೇ: ಒಂದು ಲೆದರ್, ಮೂರು ಮಶ್ರೂಮ್, ಹದಿನೆಂಟು ಹೂವಿನ ಒಂದು ಜೋಯಾ ಕಲ್ಲು, ಒಂದು ಝೀನಿಯಾ.

ಈಗ ಯಾವುದೂ ನೆಟ್ಟಗಿಲ್ಲ. ಝೀನಿಯಾ ಮುಷ್ಟಿ ಬಿಗಿದು ಬಿಡುವ ಹಾಗೆ ಆಡುತ್ತಿತ್ತು. ಅದು ನಿಂತು ಹದಿನೈದು ದಿನವಾಯಿತು, ಕುಗ್ಗಿ ಕಡಲೆಕಾಳಿನಷ್ಟಾಗಿದೆ. ಜೋಯಾದಲ್ಲಿ ಆರೇಳು ಮಾತ್ರ ಅರಳುತ್ತವೆ. ಒಂದು ಮಶ್ರೂಮ್ ಕಲ್ಲು ಬಿಟ್ಟು ತೇಲಿಹೋಗಿ ಪಂಪಿನ ಹಿಂದೆ ಸಿಕ್ಕಿತು. ಲೆದರ್ ಬಿಳಿಚಿಕೊಂಡಿದೆ. ಸಾಲದ್ದಕ್ಕೆ ಮರಳಿನ ಮೇಲೆ ಕಂದು ಲೋಳೆ, ಅದರ ತುಂಬಾ ಗುಳ್ಳೆ.

ನೀರು ಮಾತ್ರ ಕನ್ನಡಿ! ನೈಟ್ರೇಟ್ 0, ಫಾಸ್ಫೇಟ್ 0. ಆಲ್ಕಲಿನಿಟಿ 8.5, ಕ್ಯಾಲ್ಸಿಯಂ 430, ಉಪ್ಪು 1.025, ಶಾಖ 25.5 ಡಿಗ್ರಿ. ಹಿಂದೆ ಸಿಹಿನೀರಿನ ಟ್ಯಾಂಕ್‌ನಲ್ಲಿ ಅಮೋನಿಯಾ ಏರಿ ಒಂದೇ ರಾತ್ರಿಗೆ ಎಂಟು ಗೋಲ್ಡ್‌ಫಿಶ್ ಹೋಗಿದ್ದವು. ಆ ಭಯಕ್ಕೆ ಇದರಲ್ಲಿ ಕೊಳೆ ಕೂರಲು ಬಿಟ್ಟಿಲ್ಲ. 200 ಲೀಟರ್ ಟ್ಯಾಂಕ್‌ಗೆ ಆಗುವ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಇದೆ, ದೊಡ್ಡದಿದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಕೊಟ್ಟರು. ಫಾಸ್ಫೇಟ್ ಹೀರುವ ಜಿಎಫ್‌ಒ ಇದೆ. ಹಿಂದಿನ ಖಾನೆಯಲ್ಲಿ ನೈಟ್ರೇಟ್, ಫಾಸ್ಫೇಟ್ ಹೀರುವ ಚೀಟೊ ಪಾಚಿ. ಫಿಲ್ಟರ್ ಚೀಲ ದಿನಾ ತೊಳೆಯುತ್ತೇನೆ. ವಾರಕ್ಕೆ ಕಾಲುಭಾಗ ನೀರು ಬದಲಾವಣೆ. ಮೀನಿಗೆ ದಿನ ಬಿಟ್ಟು ದಿನ ಒಂದು ಚಿಟಿಕೆ ಊಟ.

ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮುಗಿಸಿ ಬಂದು ರಾತ್ರಿ ಇದರ ಮುಂದೆ ಕೂರುವುದೇ ನನ್ನ ಸುಖ. ಈಗ ನೋಡಲು ಬೇಜಾರು. ಇನ್ನೂ ಏನು ಸ್ವಚ್ಛ ಮಾಡಬೇಕು ಹೇಳಿ.

ಹಾಸನದ ಉಪ್ಪುನೀರು

ಗುರುಗಳೇ, ನಿಮ್ಮ ಕೋರಲ್‌ಗೆ ಕಾಯಿಲೆ ಇಲ್ಲ, ಹಸಿವು.

ಕೋರಲ್ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ, ಜೂಕ್ಸಾಂಥೆಲೆ ಅಂತಾರೆ. ಅದು ಬೆಳಕಿನಲ್ಲಿ ಸಕ್ಕರೆ ಮಾಡಿ ಕೋರಲ್‌ಗೆ ಕೊಡುತ್ತದೆ. ಆ ಪಾಚಿಗೆ ಸಾರಜನಕ, ರಂಜಕ ಬೇಕು. ನೀವು ಎರಡನ್ನೂ ನಾಲ್ಕು ಕಡೆಯಿಂದ ಕಿತ್ತುಕೊಳ್ಳುತ್ತಿದ್ದೀರಿ. ಸಮುದ್ರದಲ್ಲೂ ನೈಟ್ರೇಟ್ ಕಡಿಮೆಯೇ ಅಲ್ವಾ ಅನ್ನಬಹುದು. ನಿಜ, ಆದರೆ ಅಲ್ಲಿ ಹಗಲು ರಾತ್ರಿ ಪ್ಲಾಂಕ್ಟನ್ ಹರಿದು ಬರುತ್ತದೆ. ನಿಮ್ಮಲ್ಲಿ ಬರುವುದು ದಿನ ಬಿಟ್ಟು ದಿನ ಒಂದು ಚಿಟಿಕೆ. ಅದರಲ್ಲೂ ಅರ್ಧ ಸ್ಕಿಮ್ಮರ್ ಪಾಲು.

ಮೊದಲು ಕಿಟ್ ಸರಿ ಇದೆಯಾ ನೋಡಿ. ಸಿಹಿನೀರಿನ ಟ್ಯಾಂಕ್ ಇನ್ನೂ ಇದ್ದರೆ ಅದೇ ನೈಟ್ರೇಟ್ ಕಿಟ್‌ನಲ್ಲಿ ಆ ನೀರನ್ನು ಪರೀಕ್ಷೆ ಮಾಡಿ. ಅಲ್ಲೂ ಸೊನ್ನೆ ಬಂದರೆ ಕಿಟ್ ಮೇಲೆ ಅನುಮಾನ ಪಡಿ.

ಕಿಟ್ ಸರಿ ಇದ್ದರೆ ಇವತ್ತೇ ಜಿಎಫ್‌ಒ ತೆಗೆಯಿರಿ. ಚೀಟೊ ಮುಕ್ಕಾಲು ಭಾಗ ಕಿತ್ತು ಹಾಕಿ. ಸ್ಕಿಮ್ಮರ್ ರಾತ್ರಿ ಮಾತ್ರ ಓಡಲಿ. ನಿಂತಿರುವಾಗ ಆಮ್ಲಜನಕಕ್ಕೆ ನೀರಿನ ಮೇಲ್ಮೈ ಅಲುಗಾಡುತ್ತಿರಬೇಕು. ಮೀನಿಗೆ ದಿನಕ್ಕೆ ಎರಡು ಸಲ ಊಟ. ಮಂಗಳೂರಿಂದ ಮಾರ್ಕೆಟ್‌ಗೆ ಬರುವ ಸಿಗಡಿ ಸಣ್ಣಗೆ ಹೆಚ್ಚಿ ಫ್ರೀಜ್ ಮಾಡಿಟ್ಟುಕೊಳ್ಳಿ, ನಾನು ಅದನ್ನೇ ಹಾಕುವುದು. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05 ಆಸುಪಾಸು ಬಂದರೆ ಮೆದು ಕೋರಲ್‌ಗೆ ಧಾರಾಳ.

ಗುಳ್ಳೆ ಇರುವ ಆ ಲೋಳೆ ಡೈನೋ (ಡೈನೋಫ್ಲ್ಯಾಜೆಲೇಟ್ ಅನ್ನುವ ಸೂಕ್ಷ್ಮಜೀವಿ) ಇರಬಹುದು. ಎರಡೂ ಸೊನ್ನೆ ಇರುವ ಟ್ಯಾಂಕ್ ಅದಕ್ಕೆ ತವರುಮನೆ. ಅದನ್ನು ನೋಡಿ ಗಾಬರಿಯಾಗಿ ಮತ್ತೆ ನೀರು ಬದಲಾಯಿಸಬೇಡಿ ಮಾರಾಯರೆ.

ತೋಟದಮನೆ, ಮೂಡಿಗೆರೆ

ಊಟ ಜಾಸ್ತಿ ಮಾಡಿದರೂ ನನ್ನಲ್ಲಿ ತಿಂಗಳುಗಟ್ಟಲೆ ಸೊನ್ನೆಯೇ ಇತ್ತು. ಎರಡೇ ಮೀನು ಎಷ್ಟು ಗಲೀಜು ಮಾಡಿಯಾವು! ಕೊನೆಗೆ ನೈಟ್ರೇಟ್, ಫಾಸ್ಫೇಟ್ ನೇರವಾಗಿ ಹಾಕಿದೆ.

ನಮ್ಮ ಗೋದಾಮಿನಲ್ಲಿ 13-0-45 ಚೀಲ ಸದಾ ಇರುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಅಂದರೆ ಅದೇ. ಮೊದಲು ಅದರಲ್ಲೇ ಒಂದು ಚಮಚ ತೆಗೆಯಲು ಹೋದೆ, ಆಮೇಲೆ ಬಿಟ್ಟೆ. ಗೊಬ್ಬರಕ್ಕೆ ಏನೇನು ಬೆರೆತಿರುತ್ತದೋ, ತಾಮ್ರ ಸ್ವಲ್ಪ ಸೇರಿದರೂ ಬಸವನಹುಳು, ಕೋರಲ್ ಎರಡಕ್ಕೂ ವಿಷ. ಲ್ಯಾಬ್‌ಗೆ ಕೊಡುವ ಶುದ್ಧವಾದದ್ದನ್ನೇ ತರಿಸಿದೆ.

ನಿಮ್ಮ ಲೆಕ್ಕ ಸುಲಭ. ಒಂದು ಲೀಟರ್ ಆರ್‌ಒ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಕರಗಿಸಿ. ಅದರಲ್ಲಿ 10 ಎಂಎಲ್ ಹಾಕಿದರೆ 60 ಲೀಟರಿನಲ್ಲಿ ನೈಟ್ರೇಟ್ 1 ಪಿಪಿಎಂ ಏರುತ್ತದೆ. ಫಾಸ್ಫೇಟ್‌ಗೆ ಮೊನೊ ಪೊಟ್ಯಾಸಿಯಂ ಫಾಸ್ಫೇಟ್, ಒಂದು ಲೀಟರಿಗೆ ಒಂದೇ ಗ್ರಾಂ. ಎರಡೂವರೆ ಎಂಎಲ್‌ಗೆ 0.03 ಏರುತ್ತದೆ. ದಿನಕ್ಕೆ ಇದಕ್ಕಿಂತ ಜಾಸ್ತಿ ಬೇಡ, ದಿನಾ ಅಳೆಯಿರಿ.

ನೀವು ಒಣಕಲ್ಲು (ಜೀವಿಗಳಿಲ್ಲದ ಒಣಗಿದ ಕಲ್ಲು) ಹಾಕಿದ್ದರೆ ಇನ್ನೊಂದು ವಿಷಯ. ಹೊಸ ಒಣಕಲ್ಲು ಫಾಸ್ಫೇಟ್ ಹೀರಿಕೊಳ್ಳುತ್ತದೆ. ಇವತ್ತು ಹಾಕಿದ್ದು ನಾಳೆ ಕಾಣಿಸುವುದಿಲ್ಲ. ಕಿಟ್ ಕೆಟ್ಟಿದೆ ಅಂದುಕೊಂಡು ಒಮ್ಮೆಲೇ ಸುರಿಯಬೇಡಿ. ನಾನು ಸುರಿದಿದ್ದೆ. ಗಾಜಿನ ತುಂಬಾ ಕೂದಲಿನಂಥ ಹಸಿರು ಪಾಚಿ ಬೆಳೆದು ಎರಡು ತಿಂಗಳು ಹಲ್ಲುಜ್ಜುವ ಬ್ರಶ್ ಹಿಡಿದು ಕೂತಿದ್ದೆ.

ವಿಜಯಪುರದ ಮೀನು

ಇಬ್ಬರಿಗೂ ಥ್ಯಾಂಕ್ಸ್. ಕಿಟ್ ಸರಿಯಾಗಿದೆ, ನಮ್ಮ ಗಪ್ಪಿ ಟ್ಯಾಂಕ್ ನೀರು ಅದರಲ್ಲಿ ಕೆಂಪಗಾಯಿತು, ಅಂದರೆ ನೈಟ್ರೇಟ್ ತೋರಿಸಿತು. ಕಲ್ಲು ಒಣಕಲ್ಲೇ, ಎಂಟು ಕೆಜಿ.

ಲೋಳೆ ಪರೀಕ್ಷೆಯನ್ನೂ ಮಾಡಿದೆ. ಲೋಳೆ ಬೆರೆತ ನೀರನ್ನು ಬಾಟಲಿಯಲ್ಲಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಬೇಕು. ಮತ್ತೆ ನಾರಾಗಿ ಕೂಡಿಕೊಂಡರೆ ಡೈನೋ. ಕಾಫಿ ಊರಲ್ಲಿದ್ದುಕೊಂಡು ನನಗೆ ಕಾಫಿ ಪೇಪರ್ ಸಿಗಲಿಲ್ಲ ನೋಡಿ! ಮನೆಯಲ್ಲಿರುವುದು ಸ್ಟೀಲ್ ಫಿಲ್ಟರ್, ಅದನ್ನು ಮುಟ್ಟಿದರೆ ಅಮ್ಮ ಬಿಡುವುದಿಲ್ಲ. ಟಿಶ್ಯೂ ಪೇಪರಿನಲ್ಲೇ ಸೋಸಿದೆ. ಮುಕ್ಕಾಲು ಗಂಟೆಗೆ ನಾರು ಕೂಡಿತು.

ಜಿಎಫ್‌ಒ ತೆಗೆದೆ. ಫಿಲ್ಟರ್ ಚೀಲ ತೊಳೆಯದೆ ನಾಲ್ಕು ದಿನವಾಯಿತು, ಕೈ ಕಡಿಯುತ್ತಿದೆ.

ಹಾಸನದ ಉಪ್ಪುನೀರು

ಹಾಗಾದರೆ ಡೈನೋನೇ. ಸಣ್ಣ ಪೈಪಿನಲ್ಲಿ ಲೋಳೆ ಎಳೆದು, ಚೀಲದಲ್ಲಿ ಸೋಸಿ, ಅದೇ ನೀರನ್ನು ವಾಪಸ್ ಹಾಕಿ. ಬಸವನಹುಳು ಮೇಲೆ ಕಣ್ಣಿಡಿ, ಕೆಲವು ಡೈನೋ ಅವಕ್ಕೆ ವಿಷ. ಲೆದರ್ ಮೇಲೆ ಮೇಣದ ಹಾಗೆ ಪೊರೆ ಬಂದರೆ ಹೆದರಬೇಡಿ. ಅದು ಆಗಾಗ ಪೊರೆ ಬಿಡುತ್ತದೆ, ನಾಲ್ಕೈದು ದಿನ ಮುದುಡಿಕೊಂಡಿರುತ್ತದೆ.

ವಿಜಯಪುರದ ಮೀನು (ನಾಲ್ಕು ವಾರದ ನಂತರ)

ನೈಟ್ರೇಟ್ 5ಕ್ಕೆ ನಿಂತಿದೆ. ಫಾಸ್ಫೇಟ್ ಮೊದಲ ಹನ್ನೊಂದು ದಿನ ಹಾಕಿದ್ದೆಲ್ಲ ಮಾಯ. ತೋಟದಮನೆಯವರು ಮೊದಲೇ ಹೇಳದಿದ್ದರೆ ನಾನೂ ಸುರಿದೇ ಬಿಡುತ್ತಿದ್ದೆ. ಈಗ 0.04.

ಝೀನಿಯಾ ಉಳಿಯಲಿಲ್ಲ. ಒಂದು ಬಸವನಹುಳುವೂ ಹೋಯಿತು. ಜೋಯಾದಲ್ಲಿ ಹದಿನಾಲ್ಕು ಅರಳಿವೆ, ಬುಡದಲ್ಲಿ ಎರಡು ಹೊಸ ಮೊಗ್ಗು. ಲೆದರ್ ಪೊರೆ ಬಿಟ್ಟು ಆರನೇ ದಿನ ಕೈ ಚಾಚಿತು, ಬಣ್ಣ ಇನ್ನೂ ಪೂರ್ತಿ ಬಂದಿಲ್ಲ. ಲೋಳೆ ಮರಳಿನ ಒಂದು ಮೂಲೆಯಲ್ಲಿ ಮಾತ್ರ ಉಳಿದಿದೆ. ಹಿಂದಿನ ಗಾಜಿನ ಮೇಲೆ ತೆಳುವಾಗಿ ಹಸಿರು ಪಾಚಿ ಬಂದಿದೆ. ನಿನ್ನೆ ಅಮ್ಮ ಅದನ್ನು ನೋಡಿ, "ಯಾಕೋ, ಈಚೆಗೆ ಇದನ್ನ ತೊಳೆಯೋದೇ ಬಿಟ್ಟಿದ್ದೀಯಾ?" ಅಂದರು. ಹೌದಮ್ಮ ಅಂದೆ.

ಝೀನಿಯಾ ಇದ್ದ ಜಾಗ ಖಾಲಿ ಇದೆ. ಹಾಸನದ ಸರ್, ನಿಮ್ಮಲ್ಲಿ ಒಂದು ತುಂಡು ಇದ್ದರೆ ಮುಂದಿನ ಭಾನುವಾರ ಬಸ್ ಹತ್ತಿ ಬರಲಾ?